ಹನ್ನೆರಡು ಲೋಟಗಳ ಗುಟ್ಟು

ಕೆ.ಜಿ.ಎಫ್‌ನಲ್ಲಿ ಚಿನ್ನ ಮುಗಿದಿರಬಹುದು, ಚಿನ್ನ ಕಾಯುವ ಬುದ್ಧಿ ಮುಗಿದಿಲ್ಲ ಎಂದು ಜಗತ್ತಿಗೆ ತೋರಿಸಲು ಹೊರಟವನು ನಾನು! ನಮ್ಮ ತಾತ ಮೈಸೂರು ಮೈನ್ಸಿನಲ್ಲಿ ನೆಲದೊಳಗೆ ಇಳಿದ. ನಾನು ಕುಳಿತಲ್ಲೇ ಫೋನಿನೊಳಗೆ ಕ್ರಿಪ್ಟೊ ನಾಣ್ಯ ಕೂಡಿಹಾಕಿದೆ. ಎರಡು ವರ್ಷದ ಬೋನಸ್ಸು ಬೆಳೆದು ಒಂದು ಸ್ಕೂಟರಿನಷ್ಟಾಗಿತ್ತು. ಆ ಸ್ಕೂಟರು, ದಿನಾ ರೈಲಿನಲ್ಲಿ ನೇತಾಡಿಕೊಂಡು ಬಂಗಾರಪೇಟೆಯ ಗಾರ್ಮೆಂಟ್ಸಿಗೆ ಹೋಗುವ ನನ್ನ ಹೆಂಡತಿ ಕವಿತಳಿಗೆ ಎಂದು ಮಾತು ಕೊಟ್ಟಿದ್ದೆ.

ಫೋನು ಕೆಟ್ಟರೆ ನಾಣ್ಯ ವಾಪಸ್ ಪಡೆಯಲು, ಖಾತೆ ತೆರೆದಾಗ ಆ್ಯಪ್ ಕೊಟ್ಟ ಹನ್ನೆರಡು ಇಂಗ್ಲಿಷ್ ಪದಗಳು ಬೇಕು, ಅದೇ ಕ್ರಮದಲ್ಲಿ. ಪದ ಹೋದರೆ ನಾಣ್ಯಕ್ಕೂ ಎಳ್ಳುನೀರು. ವಿಡಿಯೊದಲ್ಲಿ ಒಬ್ಬ ಪಂಡಿತ ಹೇಳಿದ್ದ: "ಕಾಗದ ನಂಬಬೇಡಿ, ಸ್ಟೀಲಿನ ಮೇಲೆ ಕೆತ್ತಿಸಿ. ಹೆಂಡತಿಗೂ ಹೇಳಬೇಡಿ."

ಸ್ಟೀಲು ತಾನೆ? ಬಂಗಾರಪೇಟೆಯಲ್ಲಿ ಹನ್ನೆರಡು ಲೋಟ ಕೊಂಡೆ. ಪಾತ್ರೆಗೆ ಹೆಸರು ಹಾಕುವ ಆಂಜಿನಪ್ಪನಿಂದ ಲೋಟಕ್ಕೊಂದು ಪದ, ತಳದಲ್ಲಿ ಕ್ರಮಸಂಖ್ಯೆ ಕೆತ್ತಿಸಿದೆ. ಅಕ್ಷರಕ್ಕಿಷ್ಟು ಎಂದು ಲೆಕ್ಕ ಹಾಕಿ ಬಿಲ್ಲು ಕೊಟ್ಟ. ನಮ್ಮದು ಮೈನ್ಸಿನ ಕಾಲದ ಸಾಲುಮನೆಗಳ ಲೈನು; ಅಲ್ಲಿನ ನಮ್ಮ ಅಡುಗೆಮನೆ ಅಟ್ಟದ ಪಾತ್ರೆಗಳ ಹಿಂದೆ ಲೋಟಗಳನ್ನು ಬಚ್ಚಿಟ್ಟೆ. ಕಳ್ಳ ಬಂದರೂ ಕೂತು ಲೋಟ ಓದುತ್ತಾನೆಯೇ!

ಎಂಟು ತಿಂಗಳ ಮೇಲೆ ಫೋನು ನೀರಿನ ಡ್ರಮ್ಮಿಗೆ ಬಿತ್ತು. ಪರವಾಗಿಲ್ಲ ಎಂದು ಮೀಸೆ ತಿರುವಿಕೊಂಡೇ ಅಟ್ಟಕ್ಕೆ ಕೈ ಹಾಕಿದೆ. ಲೋಟಗಳಿಲ್ಲ.

"ಕವಿತಾ, ಇಲ್ಲಿದ್ದ ಹೊಸ ಲೋಟ ಎಲ್ಲೇ?"

"ಅವಾ? ಪಾಪೂಗೆ ಕಿವಿ ಚುಚ್ಚಿಸ್ದಾಗ ಲೈನೋರ ಹತ್ರೆಲ್ಲಾ ಪಾತ್ರೆ ಈಸ್ಕೊಂಡಿರ್ಲಿಲ್ವಾ? ಅವ್ರವು ನಮ್ಮಲ್ಲೇ ಉಳ್ಕೊಂಡಿದ್ವು. ಎಸ್ರು ನೋಡ್ಕೊಂಡು ವಾಪಸ್ ಕೊಟ್ಟೆ. ಗ್ರೇಸ್ ಅಂತಿದ್ದದ್ದು ಗ್ರೇಸ್ ಟೀಚರ್‌ಗೆ, ರೋಸ್ ಅಂತಿದ್ದದ್ದು ರೋಸಕ್ಕಂಗೆ."

"ಮಿಕ್ಕಿದ್ದು?"

"ಟೈಗರ್, ಡಾಂಕಿ, ಟೊಮ್ಯಾಟೊ ಅಂತೆಲ್ಲಾ ಇತ್ತು. ಅಂಥ ಎಸ್ರಿನೋರು ಈ ಲೈನಲ್ಲಿ ಯಾರವ್ರೆ? ಸಮುದಾಯ ಭವನಕ್ಕೆ ಕೊಟ್ಬಿಟ್ಟೆ. ಈಗ ಯಾವ್ಯಾವ್ ಮದ್ವೆ ಮನೇಲವೋ."

ಇನ್ನೊಬ್ಬರ ಹೆಸರಿನ ಚಮಚೆಯನ್ನೂ ಮನೆಯಲ್ಲಿ ಇಟ್ಟುಕೊಳ್ಳದ ಸತ್ಯವಂತೆ ನನ್ನ ಪಾಲಿಗೆ ಬಂದಿದ್ದಳು. ಕಾರಣ ಹೇಳಲು ಪಂಡಿತನ ಅಪ್ಪಣೆಯಿಲ್ಲ. ಹಿಂದಿನ ಲೈನಿನ ಗ್ರೇಸ್ ಟೀಚರ್ ಮನೆಗೆ ಓಡಿದೆ.

"ಟೀಚರ್, ಆ ಲೋಟ ನಂದು."

"ಅದ್ರಲ್ಲಿ ನನ್ ಹೆಸ್ರಿದೆಯಲ್ಲ ಸಾರ್?"

"ಹೌದು. ನಾನೇ ಕೆತ್ತಿಸಿದ್ದು."

ಟೀಚರ್ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಗಂಡ ಪೇಪರು ಮಡಿಸಿಟ್ಟು ಎದ್ದರು. "ಏನ್ ತಂಬಿ, ನನ್ ಹೆಂಡ್ತಿ ಹೆಸ್ರು ನಿನ್ ಲೋಟದ ಮೇಲೆ ಯಾಕೆ?"

ಹೇಳಿದೆ. ಮೊದಲಿಂದ ಕೊನೆತನಕ ಎಲ್ಲವನ್ನೂ ಹೇಳಿದೆ. ಹಲ್ಲು ಉಳಿಯಬೇಕಿತ್ತಲ್ಲ! ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿ, ಕವಿತ ಬಾಗಿಲಲ್ಲೇ ನಿಂತಿದ್ದಳು.

"ಎಂಟ್ ತಿಂಗ್ಳು ಒಂದೇ ಮನೇಲಿದ್ದು ನಂಗೊಂದ್ ಮಾತು ಏಳ್ಲಿಲ್ಲ, ಅಲ್ವೇನ್ರೀ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಿನ್ನ ಸ್ಕೂಟರು ಹೋಯ್ತು ಕಣೇ" ಎಂದೆ.

ಅವಳು ಒಳಗೆ ಹೋಗಿ, ಒಲೆಯ ಪಕ್ಕದ ತಂತಿಗೆ ಚುಚ್ಚಿದ್ದ ಗ್ಯಾಸಿನ ಬಿಲ್ಲುಗಳ ನಡುವಿಂದ ಎಣ್ಣೆ ಮೆತ್ತಿದ ಒಂದು ಚೀಟಿ ಎಳೆದಳು. "ಬಟ್ಟೆ ಒಗೆಯೋವಾಗ ನಿಮ್ ಜೇಬಲ್ಲಿ ಸಿಕ್ತು. ಇದೇನಾ ನೋಡಿ."

ಆಂಜಿನಪ್ಪನ ಬಿಲ್ಲು! ಒಂದರಿಂದ ಹನ್ನೆರಡರವರೆಗೆ ಪದಗಳು, ಪಕ್ಕದಲ್ಲಿ ಅಕ್ಷರಗಳ ಲೆಕ್ಕ. ಲೈನಿನ ಹೆಂಗಸರೆಲ್ಲ ಕೂತು ಕಾಫಿ ಕುಡಿಯುವ ಜಾಗದಲ್ಲಿ ನನ್ನ ಮಹಾರಹಸ್ಯ ಇಷ್ಟು ದಿನ ತೂಗಾಡಿತ್ತು.

ಕವಿತಳ ಫೋನಿನಲ್ಲಿ ಪದ ಒತ್ತಿದಾಗ ನಾಣ್ಯಗಳೆಲ್ಲ ಬಂದವು. ಊರಿಗೇ ಗೊತ್ತಾದ ಪದ ಬೇಡವೆಂದು, ಸ್ಕೂಟರಿನ ಶೋರೂಮಿಗೆ ಹೋಗುವತನಕ ಭದ್ರವಾಗಿರಲೆಂದು ನಾಣ್ಯಗಳನ್ನು ಹೊಸ ಪದಗಳ ಖಾತೆಗೆ ಸಾಗಿಸಿದ್ದೂ ಅವಳೇ, ನನಗೆ ಬೆನ್ನು ಮಾಡಿ ಕೂತು.

"ಹೊಸ ಪದ ಎಲ್ಲಿಟ್ಟೆ?" ಎಂದೆ.

"ಎಂಡ್ತಿಗೆ ಏಳ್ಬೇಡಿ ಅಂತಾನೆ ನಿಮ್ ಪಂಡಿತ," ಎಂದಳು ಕವಿತ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು. "ಗಂಡಂಗೆ ಏಳಿ ಅಂತ ಎಲ್ಲೂ ಏಳಿಲ್ವಲ್ಲ?"