ಜಾಣ ಕರೆದ ಊಟ

ಬ್ಯಾಡಗಿಯ ವಿಮಾ ಏಜೆಂಟ್ ಅಣ್ಣಾಜಿಯವರಿಗೆ ಒಂದು ಮಾತು ಬಾಯಿಗೆ ಅಂಟಿಕೊಂಡುಬಿಟ್ಟಿತ್ತು. ಎದುರಿಗೆ ಯಾರೇ ಸಿಗಲಿ, ಎರಡು ಮಾತಾದ ಮೇಲೆ “ಒಂದ್ಸಲ ಮನಿಗೆ ಊಟಕ್ಕ ಬರ್ರಿ” ಎಂದುಬಿಡುವುದು. ಕೇಳಿದವರೂ “ಬರೂದೇ ಅದರಿ, ಎಲ್ಲಿ ಹೋಗ್ತೇವಿ” ಎನ್ನುತ್ತಿದ್ದರು. ಕರೆದವರು ನಿಜವಾಗಿ ಕರೆದಿಲ್ಲ, ಒಪ್ಪಿದವರು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಹಾಗಾಗಿ ಮೂವತ್ತು ವರ್ಷಗಳಲ್ಲಿ ಒಬ್ಬರೂ ಬಂದಿರಲಿಲ್ಲ, ಒಬ್ಬರ ಮನಸ್ಸೂ ನೊಂದಿರಲಿಲ್ಲ.

ಪೇಚು ಶುರುವಾದದ್ದು ಅವರ ಮೊಬೈಲಿಗೆ ಜಾಣ ಬಂದ ಮೇಲೆ.

ಜಾಣ ಎಂದರೆ ಮಗಳು ಶ್ರದ್ಧಾ ಮಾಡಿದ ಪ್ರೋಗ್ರಾಂ. ರಾಣೇಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಅವಳು ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವರ್ಷಗಟ್ಟಲೆ ಕೂತು ಅದನ್ನು ಕಟ್ಟಿದ್ದಳು. ಯಜಮಾನರು ಎಲ್ಲಿದ್ದಾರೆ, ಯಾರ ಜೊತೆ ಏನು ಮಾತಾಡುತ್ತಿದ್ದಾರೆ, ಹೊರಗೆ ಬಿಸಿಲೋ ಮಳೆಯೋ ಎಲ್ಲವನ್ನೂ ತಿಳಿದುಕೊಂಡು, ಹೇಳುವ ಮೊದಲೇ ಕೆಲಸ ಮುಗಿಸುವುದು ಅದರ ಗುಣ. ಬಸ್ಸು ತಡವಾದರೆ ಕಾಯುವವರಿಗೆ ತಾನೇ ಸುದ್ದಿ ಮುಟ್ಟಿಸುತ್ತಿತ್ತು. ಸತ್ತವರ ಮನೆಗೆ ಹೋದರೆ ರಿಂಗಾಗದೆ ತೆಪ್ಪಗಿರುತ್ತಿತ್ತು. ಮಾತಂತೂ ಅಚ್ಚ ನಮ್ಮ ಕಡೆಯದೇ.

“ಇದಕ್ಕೂ ಏಜೆಂಟ್ ಅಂತಾರಂತ್ರಿ!” ಎಂದು ಅಣ್ಣಾಜಿ ಪೇಟೆಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದರು. “ಇಷ್ಟು ವರ್ಷ ಊರಿಗೆ ನಾ ಏಜೆಂಟ್. ಈಗ ನನಗೇ ಒಬ್ಬ ಏಜೆಂಟ್! ನನ್ನ ಮಗಳು ಮಾಡಿದ್ದು! ಒಂದ್ಸಲ ಊಟಕ್ಕ ಬರ್ರಿ, ತೋರಸ್ತೀನಿ.”

ಆ ಶನಿವಾರ ಹೆಂಡತಿ ಕಾಶೀಬಾಯಿ ಓಣಿಯ ಹೆಂಗಸರ ಜೊತೆ ಕದರಮಂಡಲಗಿಯ ಹನುಮಪ್ಪನ ದರ್ಶನಕ್ಕೆ ಬೆಳಿಗ್ಗೆಯೇ ಹೊರಟುಹೋಗಿದ್ದರು. ಅಣ್ಣಾಜಿ ಬನಿಯನ್ನಿನಲ್ಲಿ ಪೇಪರ್ ಹರಡಿಕೊಂಡು ಕೂತಿದ್ದಾಗ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಮೋಟೆಬೆನ್ನೂರಿನ ರೈತ ಹೊಳಿಯಪ್ಪ, ಅವನ ಹೆಂಡತಿ ಉಚ್ಚಂಗೆವ್ವ. ಹೊಳಿಯಪ್ಪ ಇಸ್ತ್ರಿಯ ಅಂಗಿ ತೊಟ್ಟಿದ್ದ. ಉಚ್ಚಂಗೆವ್ವನ ಕೈಯಲ್ಲಿ ಹಸಿ ಶೇಂಗಾದ ಚೀಲವಿತ್ತು.

“ಬರ್ರಿ ಬರ್ರಿ! ಏನು ಈ ಕಡೆ?”

“ಏನಂದ್ರ ಹೆಂಗ್ರಿ ಸಾಹೇಬ್ರ? ಇವತ್ತ ಮಧ್ಯಾಹ್ನ ಊಟಕ್ಕ ಬರ್ರಿ ಅಂತ ನಿಮ್ಮ ಜಾಣ ನಿನ್ನೆ ಫೋನ್ ಹಚ್ಚಿ ಕರದೈತಿ. ಅಡಗಿ ಕೆಲಸಕ್ಕ ಏನಾರ ಕೈಗೂಡಿಸೂಣು ಅಂತ ಸ್ವಲ್ಪ ಲಗೂನ ಬಂದ್ವಿ.”

ಅಣ್ಣಾಜಿಯವರ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಅವರಿಬ್ಬರನ್ನೂ ಕೂಡಿಸಿ, ನೀರು ಕೊಟ್ಟು, ಮೊಬೈಲ್ ಹಿಡಿದುಕೊಂಡು ಬಚ್ಚಲಮನೆಗೆ ಓಡಿದರು.

“ಜಾಣ, ಏನೋ ಇದು?”

“ಊಟಕ್ಕ ಬರ್ರಿ ಅಂತ ನೀವು ಭಾಳ ಮಂದಿಗೆ ಅಂದೀರಿ. ಯಾವತ್ತು ಅಂತ ಹೇಳೂದು ಮಾತ್ರ ಮರತೀರಿ,” ಎಂದಿತು ಜಾಣ, ತಾಯಿಯಷ್ಟು ಮೆತ್ತಗೆ. “ಇವತ್ತ ನಿಮಗ ಬ್ಯಾರೆ ಕೆಲಸ ಇಲ್ಲ. ಅದಕ್ಕ ಎಲ್ಲಾರನ್ನೂ ಇವತ್ತೇ ಕರದೀನಿ. ರಾಣೇಬೆನ್ನೂರಿನ ಹಲ್ಲಿನ ಡಾಕ್ಟರ್ ಸುಚಿತ್ರಾ ಅವರು ಇನ್ನೇನು ಕಾರ್ ಹತ್ತೋರಿದ್ದಾರ. ಹಾವೇರಿ ಕಂಡಕ್ಟರ್ ಯುವರಾಜ ಅವರು ರಜಾ ಹಾಕ್ಯಾರ.”

“ಅಯ್ಯೋ ಮಾರಾಯ, ಎಲ್ಲಾರಿಗೂ ಬ್ಯಾಡಾಂತ ಹೇಳು!”

“ಆಗ್ಲಿ. ಹೇಳ್ತೀನಿ.”

ಅಷ್ಟರಲ್ಲಿ ಹೊರಗಿನಿಂದ ಹೊಳಿಯಪ್ಪನ ದನಿ ಬಂತು. “ಸಾಹೇಬ್ರ, ನಾವು ಬಂದದ್ದು ತ್ರಾಸ ಆತೇನ್ರಿ?”

“ಛೇ ಛೇ! ತ್ರಾಸ ಎಂಥಾದ್ದು!” ಅಣ್ಣಾಜಿಯವರ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. “ನೀವಿಬ್ಬರೇ ಯಾಕ ಬಂದ್ರಿ? ಮನಿ ಮಂದಿನ್ನೆಲ್ಲಾ ಕರಕೊಂಡ ಬರಬೇಕಿಲ್ಲೋ!”

“ಆಗ್ಲಿ,” ಎಂದಿತು ಕೈಯಲ್ಲಿದ್ದ ಜಾಣ. “ಬ್ಯಾಡ ಅನ್ನೂದು ರದ್ದು. ಎಲ್ಲಾರಿಗೂ ಮನಿ ಮಂದಿನ್ನ ಕರಕೊಂಡ ಬರ್ರಿ ಅಂತ ಹೇಳಿದೆ.”

ಅಣ್ಣಾಜಿ ಬಕೆಟ್ಟಿನ ಅಂಚಿನ ಮೇಲೆ ಕೂತರು. ಮಗಳಿಗೆ ಫೋನ್ ಹಚ್ಚಿದರು.

“ಅಪ್ಪಾ, ಏನಾತು? ಜಾಣ ಏನರ ತಪ್ಪು ಮಾಡ್ತೇನು?” ಶ್ರದ್ಧಾಳ ದನಿಯಲ್ಲಿ ಆತಂಕವಿತ್ತು. “ಸೋಮವಾರ ಹಾವೇರಿಯೊಳಗ ದೊಡ್ಡ ಸಭಾದಾಗ ಇದನ್ನ ತೋರಸೂದದ. ತಪ್ಪಿದ್ರ ಈಗೇ ಹೇಳಿಬಿಡು. ನಾ ಬರೂದಿಲ್ಲಾಂತ ತಿಳಿಸ್ತೀನಿ.”

ಹುಡುಗಿ ಹಬ್ಬ ಹುಣ್ಣಿಮೆ ಎನ್ನದೆ ಆ ಪರದೆಯ ಮುಂದೆ ಕೂತದ್ದನ್ನು ಅಣ್ಣಾಜಿ ಕಣ್ಣಾರೆ ಕಂಡಿದ್ದರು. ಜಾಣನದು ತಪ್ಪೆಂದರೆ ಮಗಳ ಹೆಸರು ಕೆಡುತ್ತದೆ. ಜಾಣನದು ತಪ್ಪಲ್ಲ ಎಂದರೆ ತಮ್ಮ ಕರೆ ಸುಳ್ಳೆಂದು ಒಪ್ಪಿಕೊಳ್ಳಬೇಕು. ಉಳಿದದ್ದು ಒಂದೇ ದಾರಿ.

“ತಪ್ಪು? ನಿನ್ನ ಜಾಣಂದು? ಏನ್ ಮಾತಾಡ್ತೀಯವ್ವಾ! ಫಸ್ಟ್ ಕ್ಲಾಸ್ ನಡದದ. ಮನಿಗೆ ಮಂದಿ ಊಟಕ್ಕ ಬರೋರಿದ್ದಾರ, ಅದನ್ನ ಹೇಳೂಣಾಂತ ಹಚ್ಚಿದೆ,” ಎಂದು ಫೋನ್ ಇಟ್ಟು, ಅಂಗಿ ತೊಟ್ಟು, ಚಪ್ಪಲಿ ಮೆಟ್ಟಿ ಊಟ ತರಲು ಓಡಿದರು.

ಅಂಗಳ ದಾಟುವಾಗ ಕಂಪೌಂಡಿನ ಗೋಡೆಯ ಮೇಲೆ ಪಕ್ಕದ ಮನೆಯ ತಿರಕಪ್ಪನ ತಲೆ ಮೂಡಿತು. ಓಣಿಯಲ್ಲಿ ಯಾರ ಮನೆಯ ಒಗ್ಗರಣೆ ಯಾವ ಎಣ್ಣೆಯದು ಎಂದು ಹೇಳಬಲ್ಲ ಮನುಷ್ಯ ಆತ.

“ಮೋಟೆಬೆನ್ನೂರು ಮಂದಿಗೆ ಊಟ, ನಮಗ ಮಾತ್ರ ಗ್ವಾಡಿ ಮ್ಯಾಲಿನ ರಾಮರಾಮ. ಹೌದಲ್ರಿ ಅಣ್ಣಾಜಿಯವರ?”

“ಅಯ್ಯ, ನೀವೇನು ಹೊರಗಿನವರೇನು? ನಿಮಗ ಬ್ಯಾರೆ ಕರೀಬೇಕೇನು? ಓಣಿ ಮಂದಿನ್ನೆಲ್ಲಾ ಕರಕೊಂಡು...” ಎನ್ನುವಷ್ಟರಲ್ಲಿ ಅಣ್ಣಾಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆದರೆ ಅಂಗಿಯ ಕಿಸೆಯಿಂದ “ಆಗ್ಲಿ” ಎಂಬ ಮೆತ್ತನೆಯ ದನಿ ಬಂದೇಬಿಟ್ಟಿತು.

ಬಜಾರದ ಮೂಲೆಯಲ್ಲಿ ಮೈಲವ್ವನ ಖಾನಾವಳಿ. ಒಳಗೆ ಹೋದರೆ, ಏನಾಶ್ಚರ್ಯ, ಎರಡು ಎಮ್ಮೆ ಮುಳುಗುವಂಥ ಪಾತೇಲಿಯಲ್ಲಿ ಬದನೆಕಾಯಿ ಎಣಗಾಯಿ ಕುದಿಯುತ್ತಿತ್ತು. ಮೂರು ಮಂದಿ ಹೆಂಗಸರು ಟಪಟಪ ರೊಟ್ಟಿ ಬಡಿಯುತ್ತಿದ್ದರು.

“ಮೈಲವ್ವಾ, ಇದೆಲ್ಲಾ ಯಾರಿಗವ್ವ?”

“ಯಾರೋ ದೊಡ್ಡವರು ಹೇಳ್ಯಾರ್ರಿ.”

“ಇವತ್ತೊಂದಿನ ನನಗ ಕೊಡು. ನನ್ನ ಮಾನದ ಪ್ರಶ್ನೆ ಅದ!”

ಮೈಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಕ್ಕಳೋ ಏನೋ ತಿಳಿಯಲಿಲ್ಲ. “ಒಯ್ರಿ. ಆದ್ರ ಹೊರಾಕ, ನೀಡಾಕ ನನ್ನ ಕಡೆ ಆಳಿಲ್ಲ. ನೀವ ಹೊರಬೇಕು, ನೀವ ನೀಡಬೇಕು.”

ಮನೆಯಲ್ಲಿ ಒಂದು ತಂಬಿಗೆ ನೀರನ್ನೂ ಕೈಯಾರೆ ತುಂಬಿಕೊಂಡು ಗೊತ್ತಿಲ್ಲದ ಅಣ್ಣಾಜಿ, ಸನ್ಮಾನದ ಪೇಟ ಕಟ್ಟಿಸಿಕೊಂಡವರಂತೆ ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ನಡುಪೇಟೆಯಲ್ಲಿ ಹೊರಟರು. ಮೆಣಸಿನಕಾಯಿ ಗಾಡಿಯೊಂದು ಪಕ್ಕದಲ್ಲೇ ಹಾದುಹೋಯಿತು. ಬಂದ ಸೀನಿಗೆ ಮೇಲಿನ ರೊಟ್ಟಿಯೊಂದು ಹಾರಿ, ಗಾಲಿಯಂತೆ ಉರುಳಿ, ಬಟ್ಟೆ ಅಂಗಡಿಯ ಮೆಟ್ಟಿಲೇರಿ ಮಲಗಿತು. ಒಳಗಿನಿಂದ ಯಾರೋ ಕೂಗಿದರು. “ಏನ್ರಿ, ಪಾಲಿಸಿ ಬಿಟ್ಟು ರೊಟ್ಟಿ ಹಿಡದ್ರೇನು?”

“ಊಟಕ್ಕ...” ಎಂದರು ಅಣ್ಣಾಜಿ. ತುಟಿ ಕಚ್ಚಿಕೊಂಡು ಮುಂದೆ ನಡೆದರು.

ಎರಡನೇ ಸಲ ಪಾತೇಲಿ ಹೊತ್ತು ಮರಳುವಷ್ಟರಲ್ಲಿ ಮನೆಯಲ್ಲಿ ಜನವೋ ಜನ. ಡಾಕ್ಟರ್ ಸುಚಿತ್ರಾ ಅತ್ತೆ, ಮಾವ, ಮಕ್ಕಳ ಸಮೇತ ಬಂದಿದ್ದರು. ಯುವರಾಜ ತನ್ನ ಅಣ್ಣ ತಮ್ಮಂದಿರ ಕುಟುಂಬಗಳನ್ನೆಲ್ಲ ಬಸ್ಸಿನಲ್ಲಿ ತುಂಬುವಂತೆಯೇ ತುಂಬಿಕೊಂಡು ಬಂದಿದ್ದ. ತಿರಕಪ್ಪ ಅಂಗಳದಲ್ಲಿ ಜಮಖಾನೆ ಹಾಸಿಸಿ, ಇದು ತನ್ನದೇ ಮನೆ ಎಂಬಂತೆ “ಸರದ ಕುಂದರ್ರಿ, ಇನ್ನೂ ಮಂದಿ ಬರೂದೈತಿ” ಎಂದು ಅಧಿಕಾರ ನಡೆಸಿದ್ದ. ಉಚ್ಚಂಗೆವ್ವ ಶೇಂಗಾ ಹುರಿಯುತ್ತಿದ್ದಳು.

ಅಣ್ಣಾಜಿ ಟವೆಲ್ಲನ್ನು ಸೊಂಟಕ್ಕೆ ಬಿಗಿದು ನೀಡತೊಡಗಿದರು. ಮೊದಲ ಪಂಕ್ತಿಗೆ ರೊಟ್ಟಿ ಇಟ್ಟು ಪಲ್ಯ ಮರೆತರು. ಎರಡನೇ ಪಂಕ್ತಿಯಲ್ಲಿ ಡಾಕ್ಟರ ಮಾವನ ಮಜ್ಜಿಗೆಯ ಲೋಟಕ್ಕೆ ಪಲ್ಯ ಹಾಕಿದರು. ಯಾರೂ ಬೇಸರಪಡಲಿಲ್ಲ. ನಗೆಯ ಮೇಲೆ ನಗೆ. ಡಾಕ್ಟರು ಪಲ್ಯವನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು.

ಕೈ ತೊಳೆದುಕೊಂಡು ಬಂದ ಹೊಳಿಯಪ್ಪ ಅವರೆದುರು ನಿಂತ.

“ಸಾಹೇಬ್ರ, ಹುಟ್ಟಿದಾಗಿಂದ ಪ್ಯಾಟಿ ಮಂದಿ ಊಟಕ್ಕ ಬಾ, ಊಟಕ್ಕ ಬಾ ಅಂತನ ಬಂದಾರ. ಇಂಥಾ ದಿನಾ ಬಾ ಅಂತ ಹೇಳಿ ಕರದವರು ನೀವೊಬ್ಬರ. ನನ್ನ ಹೇಂತಿ ನಿನ್ನಿಯಿಂದ ನಿದ್ದಿ ಮಾಡಿಲ್ಲ, ಯಾವ ಸೀರಿ ಉಡ್ಲಿ ಅಂತ.”

ಅಣ್ಣಾಜಿಯವರ ಕಣ್ಣು ತೇವವಾಯಿತು. ಸೌಟು ಹಿಡಿದುಕೊಂಡೇ ಅಂಗಳದ ನಡುವೆ ನಿಂತು ದನಿ ಏರಿಸಿ ಹೇಳಿದರು. “ನಾ ಅಲ್ರಿ ಕರದದ್ದು. ನನ್ನ ಮಗಳು ಮಾಡಿದ ಜಾಣ ಕರದದ್ದು. ಈ ಊರಿನ ಹುಡುಗಿ, ನಮ್ಮ ಮಾತಿನಾಗೇ ಮಾಡ್ಯಾಳ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅಣ್ಣಾಜಿಯವರ ಎದೆ ಅಂಗಿ ಹರಿಯುವಷ್ಟು ಉಬ್ಬಿತು.

ಅದೇ ಹೊತ್ತಿಗೆ ಕಾಶೀಬಾಯಿ ಕದರಮಂಡಲಗಿಯಿಂದ ಬಂದರು. ಅಂಗಳ ತುಂಬಿದ ಜನರನ್ನು ನೋಡಿ ಬೈದುಬಿಡುತ್ತಾರೆಂದು ಅಣ್ಣಾಜಿ ಕಂಬದ ಹಿಂದೆ ಸರಿದರು. ಆಕೆ ಬೈಯಲಿಲ್ಲ. ಎಲ್ಲರ ಕ್ಷೇಮ ಕೇಳಿ, ಪ್ರಸಾದ ಹಂಚಿ, ಉಚ್ಚಂಗೆವ್ವನಿಗೆ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸಿದರು.

ಸಂಜೆ ಶ್ರದ್ಧಾ ಬಂದಳು. ಜನರೆಲ್ಲ ಹೋಗಿದ್ದರು. ಸೊಂಟ ಹಿಡಿದುಕೊಂಡು ಜಮಖಾನೆಯ ಮೇಲೆ ಉರುಳಿದ್ದ ಅಣ್ಣಾಜಿ ಮಗಳನ್ನು ಹತ್ತಿರ ಕರೆದು, ಗುಟ್ಟಿನಲ್ಲಿ ಹೇಳಿದರು.

“ನೋಡವಾ, ಜಾಣ ಭಾಳ ಶಾಣ್ಯಾ ಅದ. ಒಂದೇ ಒಂದು ಕೊರತಿ. ಖರೇ ಕರೆಯೂದು ಯಾವುದು, ಬಾಯಿಮಾತು ಯಾವುದು, ಅದಕ್ಕ ತಿಳಿಯೂದಿಲ್ಲ. ಸೋಮವಾರದೊಳಗ ಅಷ್ಟು ತಿದ್ದಿಬಿಡು.”

ಶ್ರದ್ಧಾ ಹುಬ್ಬು ಗಂಟಿಕ್ಕಿದಳು. “ಅಪ್ಪಾ, ಅದನ್ನೇ ಅಲ್ಲೇನು ನಾ ಮೊದಲಿಗೆ ಕಲಿಸಿದ್ದು? ಮಂದಿ ಸುಮ್ಮನ ಆಡೂ ಮಾತು ಅದಕ್ಕ ಪಕ್ಕಾ ತಿಳೀತದ. ಮತ್ತ ಮನಿಗೆ ಮಂದಿನ್ನ ಕರೀಬೇಕಂದ್ರ ಅದು ಅಮ್ಮನ್ನ ಕೇಳದ ಕರೆಯೂದಿಲ್ಲ.”

ಇಬ್ಬರೂ ಅಡಿಗೆಮನೆಯ ಕಡೆ ತಿರುಗಿದರು. ಕಾಶೀಬಾಯಿ ಬಾಗಿಲಿಗೆ ಒರಗಿ ನಿಂತು ಚಹಾ ಕುಡಿಯುತ್ತಿದ್ದರು.

“ಹೌದು, ಕೇಳಿತ್ತು,” ಎಂದರು ಆಕೆ. “ಇವರು ಇಷ್ಟು ಮಂದಿಗೆ ಊಟಕ್ಕ ಬರ್ರಿ ಅಂದಾರ, ಎಲ್ಲಾ ಬಾಯಿಮಾತು, ಬಿಡ್ಲೇನು ಅಂತ. ಬಿಡಬ್ಯಾಡ, ಶನಿವಾರ ಎಲ್ಲಾರನ್ನೂ ಕರಿ, ಅವತ್ತ ಏನಂದ್ರೂ ಖರೇ ಅಂತ ತಿಳಿ ಅಂದೆ. ಹೋಗುವಾಗ ಮೈಲವ್ವಗ ಅಡಗಿ ಹೇಳಿ ಹೋದೆ. ಮೂವತ್ತು ವರ್ಷ ನಿಮ್ಮ ಬಾಯಿ ಕರದದ. ಒಂದಿನ ಕೈಯೂ ನೀಡ್ಲಿ ಅಂತ.”

ಶ್ರದ್ಧಾ ನಗು ತಡೆಯಲಾರದೆ ಕೂತುಬಿಟ್ಟಳು. ಅಣ್ಣಾಜಿ ಸೋತವರಂತೆ ಎರಡೂ ಕೈ ಮುಗಿದರು. “ಆತು ಮಾರಾಯ್ತಿ! ಇವತ್ತಿನಿಂದ ನೀ ಹೇಳಿದ್ದೇ ಕೇಳ್ತೀನಿ. ಸಾಕೋ ಇಲ್ಲೋ?”

ಜಮಖಾನೆಯ ಮೇಲಿದ್ದ ಮೊಬೈಲು ಬೆಳಗಿತು. “ಕಾಶೀಬಾಯಿಯವರ, ಇದು ಬಾಯಿಮಾತು. ಬಿಡ್ಲೇನು?”

“ಬಿಡಬ್ಯಾಡ,” ಎಂದರು ಕಾಶೀಬಾಯಿ. “ಖರೇ ಅಂತ ಬರಕೋ.”

“ಆಗ್ಲಿ. ಅಣ್ಣಾಜಿಯವರ, ಹಿತ್ತಲದಾಗ ಭಾಂಡಿ ಬಿದ್ದಾವ. ಓಣಿಗೆ ನಳದ ನೀರು ಈಗಷ್ಟ ಬಂದದ. ನೀರು ಹೋಗೂ ಮೊದಲ ತಿಕ್ಕಿಬಿಡ್ರಿ.”

ಸ್ವಲ್ಪ ಹೊತ್ತಿನಲ್ಲಿ ಹಿತ್ತಲ ಗೋಡೆಯ ಮೇಲೆ ತಿರಕಪ್ಪನ ತಲೆ ಮೂಡಿತು. ಒಳಗೆ ಅರ್ಧ ಇಳಿದು ಪಾತೇಲಿ ತಿಕ್ಕುತ್ತಿದ್ದ ಅಣ್ಣಾಜಿಯವರನ್ನು ಕಂಡು ಆತ ಕಣ್ಣರಳಿಸಿದ.

“ಏನ್ರಿ ಅಣ್ಣಾಜಿಯವರ, ಮಗಳು ಮಾಡಿದ್ದು ಅಂತ ಊರೆಲ್ಲಾ ಹೇಳತಿದ್ರಿ. ಖರೇ ಹೇಳ್ರಿ, ಆ ಜಾಣ ಕೆಲಸಾ ಮಾಡ್ತೈತೋ ಇಲ್ಲೋ?”

ಅಣ್ಣಾಜಿ ಪಾತೇಲಿಯಿಂದ ತಲೆ ಹೊರಗೆ ತೆಗೆದರು. ಹಣೆಗೆ ಬೂದಿ ಮೆತ್ತಿತ್ತು. ಆದರೂ ಎದೆ ಸೆಟೆಸಿ ಹೇಳಿದರು.

“ಮಾಡೂದೇನು ಕೇಳ್ತೀರಿ ತಿರಕಪ್ಪಾ, ಮಾಡಸ್ತದ!”