ಬೂಟು ಬಿಚ್ಚುವ ಮಣೆ

ಬ್ರಿಸ್ಟಲ್ಲಿನ ಕ್ಲೆಮ್ ವೌಲ್ಸ್ ಹಿತ್ತಲ ಬಾಗಿಲ ಬಳಿಯ ಮೊಣಕಾಲೆತ್ತರದ ಕರೀ ಮಣೆಯ ಮೇಲೆ ದೊಪ್ಪನೆ ಕೂತು ಕೆಸರಿನ ಬೂಟು ಬಿಚ್ಚಿಟ್ಟ. ಒಳಗೆ ಹೋಗಿ ಅಜ್ಜಿಯ ಕಾಲದ ಕುರ್ಚಿಗೆ ಮೂರನೆಯ ಸಲ ಮೇಣ ಹಚ್ಚಿದ. ಮಧ್ಯಾಹ್ನ ವಸ್ತುಸಂಗ್ರಹಾಲಯದ ಮಿಸ್ ಸ್ಲೋಕೋಂಬ್ ಅದನ್ನು ನೋಡಲು ಬರುವವಳಿದ್ದಳು. ಒಪ್ಪಿದರೆ ಕುರ್ಚಿ ಗಾಜಿನ ಪೆಟ್ಟಿಗೆ ಸೇರುತ್ತದೆ, ಕೆಳಗೆ ಮುತ್ತಜ್ಜನ ಹೆಸರು.

ಮುತ್ತಜ್ಜ ‘ಲೇಡಿ ಸೆವರ್ನ್’ ಹಡಗಿನ ಒಲೆಗೆ ಕಲ್ಲಿದ್ದಲು ತುಂಬಿದವನು. ಎರಡೂ ಪಕ್ಕೆಗೆ ನೀರು ತಳ್ಳುವ ಗಿರಣಿಯಂಥ ಚಕ್ರ ಕಟ್ಟಿಕೊಂಡು ಅಟ್ಲಾಂಟಿಕ್ ದಾಟುತ್ತಿದ್ದ ಮರದ ಹಡಗು ಅದು. ಮುದಿಯಾದ ಮೇಲೆ ಒಡೆದರು. ಆ ಮರವೆಲ್ಲ ಎಲ್ಲಿ ಹೋಯಿತು? ಮೂವತ್ತು ವರ್ಷದಿಂದ ಈ ಪ್ರಶ್ನೆ ಕ್ಲೆಮ್‌ನ ತಲೆ ಕೊರೆಯುತ್ತಿತ್ತು. ಬೀದಿಯವರೆಲ್ಲ ತಮ್ಮ ಲಟ್ಟಣಿಗೆ, ಊರುಗೋಲು, ಬಾಗಿಲು ಆ ಹಡಗಿನದೇ ಎನ್ನುತ್ತಿದ್ದರು. ಎಲ್ಲ ಸೇರಿಸಿದ್ದರೆ ಮೂರು ಹಡಗು ಕಟ್ಟಿ ನೋಹನಿಗೂ ಒಂದಿಷ್ಟು ಮಿಗುತ್ತಿತ್ತು. ಕ್ಲೆಮ್‌ನ ಬಳಿ ಮಾತ್ರ ಅಜ್ಜಿಯ ಪತ್ರವಿತ್ತು: ‘ಅಪ್ಪ ದಿನಾ ಹಡಗಿನ ಮರದ ಮೇಲೆ ಕೂತೇ ಬೂಟು ಬಿಚ್ಚುತ್ತಿದ್ದ.’ ಅಜ್ಜಿಯ ಮನೆಯಿಂದ ಬಂದ ಕುರ್ಚಿ ಇದೊಂದೇ.

ಪಕ್ಕದ ಮನೆಯ ಡೋರೀನ್ ಬಿಸಿ ಕೇಕಿನ ತಟ್ಟೆ ಹಿಡಿದು ಬಂದಳು. “ಈ ಚಳೀಲಿ ಆ ಹುಡುಗಿಗೆ ಇತಿಹಾಸ ತೋರಿಸ್ತೀಯೋ, ನ್ಯುಮೋನಿಯಾ ಅಂಟಿಸ್ತೀಯೋ?”

“ಕಲ್ಲಿದ್ದಲು ಮುಗಿದಿದೆ, ಡೋರೀನ್.”

“ನೀನು ಕುರ್ಚಿ ನೋಡ್ಕೋ. ಬೆಂಕಿ ನಂಗೆ ಬಿಡು.”

ಹಿತ್ತಲಲ್ಲಿ ಕೊಡಲಿಯ ಸದ್ದು ಕೇಳಿಸಿತು.

ಮಿಸ್ ಸ್ಲೋಕೋಂಬ್ ಕೆಂಪು ಮೂಗಿನೊಡನೆ ಬಂದಳು. ಕುರ್ಚಿಯನ್ನು ಬೋರಲು ಹಾಕಿ ಬಹಳ ಹೊತ್ತು ನೋಡಿದಳು. “ಇಲ್ಲಿ ಕಾರ್ಖಾನೆ ಮುದ್ರೆ ಇದೆ, ಮಿಸ್ಟರ್ ವೌಲ್ಸ್. ಸಾವಿರದ ಒಂಬೈನೂರ ಹನ್ನೊಂದು. ಆ ಹೊತ್ತಿಗೆ ಹಡಗು ಒಡೆದು ಎಷ್ಟೋ ವರ್ಷ ಆಗಿತ್ತು,” ಎಂದು ಮೆಲ್ಲಗೆ ಹೇಳಿದಳು.

ಕ್ಲೆಮ್‌ನ ಮುಖ, ಬೇಯುವ ಮೊದಲೇ ಒಲೆಯಿಂದ ತೆಗೆದ ಬ್ರೆಡ್ಡಿನಂತೆ ಕುಸಿಯಿತು. ಡೋರೀನ್ ಅವನ ತಟ್ಟೆಗೆ ಎಲ್ಲಕ್ಕಿಂತ ದೊಡ್ಡ ಕೇಕು ಹಾಕಿದಳು.

ಅಷ್ಟರಲ್ಲಿ ಒಲೆಯ ಜ್ವಾಲೆ ಹಸಿರಾಯಿತು. ಆಮೇಲೆ ನವಿಲಿನ ಕತ್ತಿನ ನೀಲಿ.

ಮಿಸ್ ಸ್ಲೋಕೋಂಬಳ ಕೈಯ ಚಹಾ ಬಟ್ಟಲು ಬಾಯಿಯ ಅರ್ಧ ದಾರಿಯಲ್ಲೇ ನಿಂತಿತು. “ಹಡಗಿನ ತಳಕ್ಕೆ ಹೊದಿಸೋ ತಾಮ್ರ, ಸಮುದ್ರದ ಉಪ್ಪು ಎರಡೂ ಹೀರಿದ ಮರ ಹೀಗೆ ಉರಿಯತ್ತೆ. ಏನು ಹಾಕಿದ್ರಿ?”

“ಹಿತ್ತಲ ಬಾಗಿಲ ಹತ್ರ ಒಂದು ಕರೀ ಮಣೆ ಇತ್ತಲ್ಲ, ಕ್ಲೆಮ್ ಅಜ್ಜಿ ಮನೇದು. ದಿನಾ ಅದ್ರ ಮೇಲೆ ಕೂತು ಬೂಟು ಬಿಚ್ತಾನೆ.”

“ಚೂರಾದ್ರೂ ಉಳಿದಿದೆಯಾ?”

“ಇಲ್ಲಮ್ಮ. ಬೇಗ ಹತ್ಕೊಳ್ಳಲಿ ಅಂತ ಸಣ್ಣದಾಗಿ ಸೀಳಿ ಎಲ್ಲಾ ಹಾಕ್ಬಿಟ್ಟೆ.”

ಕ್ಲೆಮ್ ಒಲೆಗೆ ಇಕ್ಕಳ ಹಾಕಿ ಒಂದು ಚೂರು ಹಿಡಿದ. ಹಡಗು ಬೂದಿಯಾಗಿ ಉದುರಿತು.

ಮೂವರೂ ಆ ಬೆಂಕಿಗೆ ಕೈ ಕಾಯಿಸಿಕೊಂಡರು. ಆಮೇಲೆ ಕ್ಲೆಮ್ ಅತಿಥಿಯನ್ನು ಮಳೆಯಲ್ಲೇ ಬಸ್ಸಿನವರೆಗೆ ಬಿಟ್ಟು, ಹಿತ್ತಲ ಬಾಗಿಲಿಂದ ಒಳಬಂದು, ಹಡಗಿನದೇ ಯೋಚನೆಯಲ್ಲಿ, ಬೂಟು ಬಿಚ್ಚಲು ಎಂದಿನಂತೆ ದೊಪ್ಪನೆ ಕೂತ.

ನೆಲ ತುಂಬ ಕೆಳಗಿತ್ತು.