ಟ್ಯಾಂಕರ್ ಎಂದರೆ ಸಾಕು

ಎರಡು ಮಾತಿನಲ್ಲಿ ಮುಗಿಯುವ ಕೆಲಸಕ್ಕೆ ಇಪ್ಪತ್ತು ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದನ್ನು ನನ್ನ ದೊಡ್ಡ ಗುಣವೆಂದೇ ತಿಳಿದಿದ್ದೆ. ಆ ಬರಗಾಲದ ಬೇಸಿಗೆಯಲ್ಲಿ ಬೀದರಿನ ನಮ್ಮ ಕಚೇರಿಯಿಂದ ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಗೆ ನೀರಿನ ಟ್ಯಾಂಕರ್ ಹೋಗುತ್ತಿದ್ದವು. ಫೋನಿಗೆ ಕೂತಿದ್ದ ಶಹನಾಜ್ ಬೇಗಂ ಮೊದಲು ಠಾಣಾ ಕುಶನೂರಿನಿಂದ ಫೋನ್ ಮಾಡಿದವರ ಸೊಸೆಯ ಬಾಣಂತನ ವಿಚಾರಿಸಿ, ಪುಣೆಗೆ ದುಡಿಯಲು ಹೋದವರು ಯಾವಾಗ ಬರುತ್ತಾರೆಂದು ಕೇಳಿ, ಆಮೇಲೆ ಟ್ಯಾಂಕರ್ ಬರೆದುಕೊಳ್ಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಕಂಪ್ಯೂಟರ್ ಬಲ್ಲವನೆಂಬ ಹೆಮ್ಮೆ ಬೇರೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಅದರಲ್ಲಿ ಡಿಕ್ಷನರಿ ಎಂಬ ಪಟ್ಟಿ ಇರುತ್ತದೆ. ಎಡಕ್ಕೆ ಜನ ಮೊಬೈಲಿನಿಂದ ಕಳಿಸುವ ಪದ, ಬಲಕ್ಕೆ ಆ ಪದ ಬಂದಾಗ ಓಡಬೇಕಾದ, ಒಂದೊಂದು ಕೆಲಸ ಮಾಡುವ ಪ್ರೋಗ್ರಾಂ ತುಣುಕಿನ, ಅಂದರೆ ಫಂಕ್ಷನ್‌ನ ಹೆಸರು. ‘ಟ್ಯಾಂಕರ್’ ಎಂದರೆ ಟ್ಯಾಂಕರ್ ಹೊರಡಿಸುವ ಫಂಕ್ಷನ್, ‘ಯಾವಾಗ’ ಎಂದರೆ ಹೊತ್ತು ತಿಳಿಸುವ ಫಂಕ್ಷನ್. ‘ಹೀಗಿದ್ದರೆ, ಹಾಗಿದ್ದರೆ’ ಎಂದು ಮಾರುದ್ದ ಬರೆಯುವ ರಗಳೆಯೇ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಒಂದೇ ಉತ್ತರ: ‘ತಿಳಿಯದ ಆಜ್ಞೆ.’ ಇನ್ನು ಫೋನ್ ಬೇಡ, ಮೆಸೇಜ್ ಕಳಿಸಿದರೆ ಸಾಕೆಂದು ಹಳ್ಳಿಗಳಿಗೆಲ್ಲ ಹೊಸ ನಂಬರ್ ತಿಳಿಸಿ ಮೀಸೆ ತಿರುವಿದೆ.

ಎರಡು ದಿನ ಭಾಲ್ಕಿ ಕಡೆಯ ಮೆಹಕರ ಹಳ್ಳಿಯಿಂದ ಬೇಡಿಕೆಯೇ ಬರಲಿಲ್ಲ. ಅಲ್ಲಿ ನೀರಿರಬೇಕು ಎಂದುಕೊಂಡೆ. ಮೂರನೆಯ ದಿನ ಶಹನಾಜ್ ಬೇಗಂ ತಡೆಯಲಾರದೆ ಅಲ್ಲಿನ ಪಂಚಾಯತಿ ಸದಸ್ಯೆ ಕಮಳಾಬಾಯಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಊರಿನ ತೊಟ್ಟಿ ಒಣಗಿ, ಊರಲ್ಲಿ ಉಳಿದ ಮುದುಕರು ದೂರದ ಹೊಲದ ಬಾವಿಯಿಂದ ಕೊಡ ಹೊರುತ್ತಿದ್ದರಂತೆ.

“ಕೇಳಬೇಕಂತ ಮೆಸೇಜ್ ಹಾಕಿದ್ದೆ ಬಾಯಿ,” ಎಂದರು ಕಮಳಾಬಾಯಿ. “‘ಜೈ ಭೀಮ್ರಿ ಸಾಹೇಬ್ರ, ಆರಾಮ ಇದ್ದೀರಿ?’ ಅಂದ್ರ ‘ತಿಳಿಯದ ಆಜ್ಞೆ’ ಅಂದ್ರು. ‘ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?’ ಅಂದ್ರ ಮತ್ತ ಅದೇ. ಪಾಪ, ಅವರಿಗೇ ಏನೋ ತ್ರಾಸ ಅದ, ಇಂಥಾದ್ರಾಗ ನೀರ ಹ್ಯಾಂಗ ಕೇಳೋದಂತ ಸುಮ್ನಾದೆ.”

ಟ್ಯಾಂಕರ್ ಕೂಡಲೇ ಹೊರಟಿತು.

“ಮಂದಿ ಮನಿಗೆ ಹೋಗಿ ಹೊಸ್ತಿಲದಾಗೇ ಬೇಡಾಕ ನಿಂದರ್ತಾರೇನ್ರಿ ಸರ? ಮೊದಲ ಮಾತು, ಆಮ್ಯಾಲ ಕೆಲಸ,” ಎಂದರು ಶಹನಾಜ್ ಬೇಗಂ.

ಪಟ್ಟಿಗೆ ‘ಆರಾಮ’ ಸೇರಿಸಿದೆ. ಸಂದೇಶದಲ್ಲಿ ಆ ಪದ ಎಲ್ಲೇ ಬರಲಿ, ಹೊಸ ಫಂಕ್ಷನ್ ಓಡಿ, ‘ಆರಾಮ ಇದ್ದೇನ್ರಿ. ನೀವು? ಊರಾಗ ನೀರ ಅದಾವೇನ್ರಿ?’ ಎನ್ನುತ್ತಿತ್ತು. ಕಮಳಾಬಾಯಿ ಮರುದಿನವೇ ಬರೆದರು: ‘ಸಾಹೇಬ್ರು ಗುಣ ಆದ್ರಲ್ಲ, ಬೇಷಾಯ್ತು. ಇನ್ನೊಂದು ಟ್ಯಾಂಕರ್ ಕಳಸ್ರಿ.’

ಶಹನಾಜ್ ಬೇಗಂ ನನ್ನ ಹೆಂಡತಿಗೂ ಫೋನ್ ಮಾಡುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಅಂದು ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುತ್ತಾ ಎಂದಿನಂತೆ “ಚಹಾ” ಎಂದೆ. ತೊಗರಿಬೇಳೆ ಆರಿಸುತ್ತಿದ್ದವಳು ಮುಖ ಎತ್ತದೆ, “ತಿಳಿಯದ ಆಜ್ಞೆ,” ಎಂದಳು.

ಚಹಾ ನಾನೇ ಇಟ್ಟೆ. ಸಕ್ಕರೆ ಡಬ್ಬಿ ಸಿಗಲಿಲ್ಲ. ಎಲ್ಲಿದೆ ಎಂದು ಕೇಳಲು ಬಾಯಿ ತೆರೆದವನು ತಡೆದು, ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಸಲ, “ಆರಾಮ ಇದ್ದೀಯೇನ?” ಎಂದು ಕೇಳಿದೆ.